ಸಹಾಯ ಬೇಕು: ನಮ್ಮೂರ ಆರೋಗ್ಯ ಶಿಬಿರಕ್ಕೆ ಒಬ್ಬ ವೈದ್ಯೆ, ಒಬ್ಬ ವಕೀಲೆ

ಎಲ್ಲರಿಗೂ ನಮಸ್ಕಾರ. ಪಾಂಡವಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ (ಹೆಸರನ್ನು ಬೇಕೆಂದೇ ಬರೆದಿಲ್ಲ) ಸ್ತ್ರೀಶಕ್ತಿ ಸಂಘದವರೂ ಆಶಾ ಕಾರ್ಯಕರ್ತೆಯೂ ಸೇರಿ ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ರಕ್ತಹೀನತೆ ತಪಾಸಣೆ ನಡೆಸುತ್ತಿದ್ದೇವೆ. ಕಳೆದ ಸಲ ರಕ್ತದೊತ್ತಡ ನೋಡಲು ತೋಳು ಚಾಚಿದ ಒಬ್ಬ ತಾಯಿಯ ಮೈಮೇಲೆ ಬಾಸುಂಡೆಗಳಿದ್ದವು. ಜಾರಿ ಬಿದ್ದೆ ಎಂದರು. ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳುಹಿಸಿದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ಶಿಬಿರಕ್ಕೆ ಮಂಡ್ಯ ಅಥವಾ ಮೈಸೂರಿನಿಂದ ಒಬ್ಬ ವೈದ್ಯೆ, ಒಬ್ಬ ವಕೀಲೆ ಬರಬಹುದೇ? ಕೌಟುಂಬಿಕ ಹಿಂಸೆಯ ವಿರುದ್ಧದ 2005ರ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು, ಗಂಡನ ಮನೆಯಲ್ಲೇ ವಾಸಿಸುವ ಹಕ್ಕಿದೆ, ಆದಾಯ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಇದನ್ನೆಲ್ಲ ನಾವು ಹೇಳಿದರೆ ಮನೆ ಮುರಿಯುವವರು ಎನ್ನುತ್ತಾರೆ. ಓದಿ ತಿಳಿದವರು ಹೇಳಿದರೆ ಕೇಳುತ್ತಾರೆ. ಮಹಿಳಾ ಸಹಾಯವಾಣಿ 181 ಎಂದು ಗೋಡೆಯ ಮೇಲೆ ಬರೆಸಿದ್ದೇವೆ, ಕರೆ ಮಾಡಲು ಧೈರ್ಯ ಬೇಕಲ್ಲ!

ಗಂಡಸರೊಡನೆ ಕೂತು ಮಾತನಾಡಬಲ್ಲ ಒಬ್ಬ ಗಂಡಸೂ ಬೇಕು. ನಮ್ಮೂರ ಗಂಡಸರು ಶಿಬಿರಕ್ಕೆ ಕಾಲಿಡುವುದಿಲ್ಲ, ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಎಲ್ಲರೂ ಸಿಗುತ್ತಾರೆ. ಬಸ್ ಖರ್ಚು, ಊಟ ನಮ್ಮದು. ಬರಬಲ್ಲವರು ದಯವಿಟ್ಟು ಇಲ್ಲಿಯೇ ತಿಳಿಸಿ.