ಗೇಮಿಂಗ್ ಲ್ಯಾಪ್‌ಟಾಪ್: ಈಗಲೇ ಬದಲಿಸಲಾ, ಇನ್ನೊಂದು ವರ್ಷ ತಳ್ಳಲಾ?

ದಾವಣಗೆರೆಯಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. 2021ರಲ್ಲಿ ತೆಗೆದುಕೊಂಡ ಲ್ಯಾಪ್‌ಟಾಪ್ ಇದೆ. ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1650, 8 ಜಿಬಿ ರ‍್ಯಾಮ್. ಈಗ ವ್ಯಾಲೊರೆಂಟ್ ಆಡುವಾಗಲೂ ನಡುನಡುವೆ ಸಿಕ್ಕಿಕೊಳ್ಳುತ್ತದೆ. ಹಿಂದೆ ಬ್ರೌಸರ್ ತೆರೆದಿದ್ದರಂತೂ ಮುಗಿಯಿತು. ಅಪ್ಪ ಒಂದು ಲಕ್ಷದವರೆಗೆ ಕೊಡುತ್ತೇನೆ ಅಂದಿದ್ದಾರೆ. ಈಗಲೇ ಹೊಸದು ಕೊಳ್ಳಲಾ, ಜಿಟಿಎ 6 ಗೇಮ್ ಬರುವವರೆಗೆ ಕಾಯಲಾ?

ಹುಬ್ಬಳ್ಳಿಯಿಂದ:
ತಮ್ಮಾ, ನನ್ನದೂ 1650, ಅದೇ 8 ಜಿಬಿ. ನಾನೂ ಹೊಸದು ಕೊಳ್ಳಲು ಹೊರಟಿದ್ದೆ. ಒಂದು ದಿನ ಗೇಮ್ ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ನೋಡಿದೆ. ಮೆಮೊರಿ ಶೇ. 93, ಗ್ರಾಫಿಕ್ಸ್ ಕಾರ್ಡ್ ಶೇ. 60ರ ಆಸುಪಾಸು. ಅಂದರೆ ಕಾರ್ಡ್‌ಗೆ ಇನ್ನೂ ಶಕ್ತಿ ಇತ್ತು, ರ‍್ಯಾಮ್ ಸಾಲುತ್ತಿರಲಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದರೆ ಒಂದೇ ಸ್ಟಿಕ್, ಪಕ್ಕದ ಸ್ಲಾಟ್ ಖಾಲಿ! ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡ್‌ನಲ್ಲಿ ಇನ್ನೊಂದು 8 ಜಿಬಿ ತಂದು ಹಾಕಿದೆ. ಒಟ್ಟು ಮೆಮೊರಿ ಹೆಚ್ಚಾಯಿತು, ಎರಡು ಸ್ಟಿಕ್ ಸೇರಿದ್ದರಿಂದ ಡ್ಯುಯಲ್ ಚಾನೆಲ್ ಕೂಡ ಆಯಿತು, ಅಂದರೆ ಎರಡರಿಂದಲೂ ಒಟ್ಟಿಗೇ ಡೇಟಾ ಓಡಾಡುತ್ತದೆ. ಸಿಕ್ಕಿಕೊಳ್ಳುವುದು ನಿಂತೇಹೋಯಿತು.

ಅವತ್ತೇ ಫ್ಯಾನ್ ಧೂಳನ್ನೂ ತೆಗೆಸಿ, ಚಿಪ್‌ನ ಬಿಸಿಯನ್ನು ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿದೆ. ನಾಲ್ಕು ವರ್ಷದ ಪೇಸ್ಟ್ ಒಣಗಿ ಗಟ್ಟಿಯಾಗಿತ್ತು. ಬಿಸಿ ಜಾಸ್ತಿಯಾದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸುತ್ತದೆ. ನಾವು ಲ್ಯಾಪ್‌ಟಾಪ್‌ಗೆ ವಯಸ್ಸಾಯಿತು ಅಂದುಕೊಳ್ಳುತ್ತೇವೆ.

ರ‍್ಯಾಮ್ ಹಾಕಿಸುವುದಾದರೆ ತಡ ಮಾಡಬೇಡ. 2025ರ ಕೊನೆಯಿಂದ ಬೆಲೆ ತುಂಬಾ ಏರಿದೆ. ಮೆಮೊರಿ ಕಂಪನಿಗಳು ಎಐ ಸರ್ವರ್‌ಗಳ ಕಡೆ ತಿರುಗಿವೆ. ಮೈಕ್ರಾನ್ ಅಂತೂ ಆ ಡಿಸೆಂಬರ್‌ನಲ್ಲಿ, ನಮ್ಮಂಥವರು ಕೊಳ್ಳುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡ್‌ನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು.

ಕಲಬುರಗಿಯಿಂದ:
ಮೇಲೆ ಹೇಳಿದ್ದು ಸರಿ. ಆದರೆ ಅದಕ್ಕೂ ಒಂದು ಮಿತಿ ಇದೆ. ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಚಿಪ್ ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ, ಬದಲಿಸಲು ಆಗುವುದಿಲ್ಲ. 2025ರಲ್ಲಿ ಬಂದ ಡೂಮ್: ದ ಡಾರ್ಕ್ ಏಜಸ್‌ಗೆ ರೇ ಟ್ರೇಸಿಂಗ್ (ಬೆಳಕು-ನೆರಳನ್ನು ನಿಜದಂತೆ ಲೆಕ್ಕ ಹಾಕುವ ತಂತ್ರ) ಇರುವ ಕಾರ್ಡ್ ಬೇಕೇ ಬೇಕು. 1650ರಲ್ಲಿ ಅದಿಲ್ಲ. ಎಷ್ಟು ರ‍್ಯಾಮ್ ಹಾಕಿದರೂ ಉಪಯೋಗವಿಲ್ಲ. ಅಂಥ ಗೇಮ್ ಆಡಲೇಬೇಕು ಅನ್ನಿಸಿದ ದಿನ ಹೊಸದು ಕೊಳ್ಳಿ.

ನಾನು 2023ರಿಂದ ಕಾದೆ. ಮೊದಲು ಹಬ್ಬದ ಸೇಲ್ ಅಂದೆ. ಆಮೇಲೆ ಲ್ಯಾಪ್‌ಟಾಪ್‌ಗೆ ಎನ್ವಿಡಿಯಾದ ಹೊಸ 50 ಸರಣಿಯ ಕಾರ್ಡ್ ಬರಲಿ ಅಂದೆ. ಅದು 2025ರ ಮಾರ್ಚ್‌ನಲ್ಲಿ ಬಂದಾಗ ಬೆಲೆ ಇಳಿಯಲಿ ಅಂದೆ. ಎರಡು ವರ್ಷ ಆಡಬೇಕೆಂದಿದ್ದ ಒಂದು ಗೇಮ್ ಕೂಡ ಆಡಲಿಲ್ಲ. ಜಿಟಿಎ 6 ಪಿಎಸ್5 ಮತ್ತು ಎಕ್ಸ್‌ಬಾಕ್ಸ್‌ಗೆ ಅಂತ ಮಾತ್ರ ಪ್ರಕಟವಾಗಿದೆ. ಪಿಸಿಗೆ ದಿನಾಂಕವನ್ನೇ ಹೇಳಿಲ್ಲ. ಅದಕ್ಕಾಗಿ ಕಾಯಬೇಡಿ.

ಮೈಸೂರಿನಿಂದ:
ಕೊಳ್ಳುವಾಗ ಕಾರ್ಡ್ ಹೆಸರು ಮಾತ್ರ ನೋಡಬೇಡಿ, ಅದಕ್ಕೆ ಎಷ್ಟು ವ್ಯಾಟ್ ವಿದ್ಯುತ್ ಸಿಗುತ್ತದೆ ಅಂತಲೂ ಕೇಳಿ. ನಂದೂ ಆರ್‌ಟಿಎಕ್ಸ್ 4060, ಗೆಳತಿಯದೂ 4060. ಒಂದೇ ಗೇಮ್‌ನಲ್ಲಿ ಅವಳದ್ದು ಎಷ್ಟೋ ಚೆನ್ನಾಗಿ ಓಡುತ್ತಿತ್ತು. ನನಗೆ ಬೇಜಾರಾಯಿತು. ಆಮೇಲೆ ಗೊತ್ತಾಯಿತು, ಲ್ಯಾಪ್‌ಟಾಪ್ 4060 ಎಂಬುದು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೂ ಇರುತ್ತದೆ. ನನ್ನದು ತೆಳ್ಳನೆಯ ಮಾಡೆಲ್, ಕಡಿಮೆ ವ್ಯಾಟ್‌ನದು. ಅಂಗಡಿಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇನ್ನೊಂದು ವಿಷಯ: ಲ್ಯಾಪ್‌ಟಾಪ್‌ನ 5060, 5070 ಎರಡಕ್ಕೂ ಸಾಮಾನ್ಯವಾಗಿ 8 ಜಿಬಿ ಕಾರ್ಡ್‌ನ ಸ್ವಂತ ಮೆಮೊರಿ, ಅಂದರೆ ವಿರ‍್ಯಾಮ್. 12 ಜಿಬಿ ಸಿಗುವುದು 5070 ಟಿಐನಲ್ಲಿ, ಅದು ನಿಮ್ಮ ಬಜೆಟ್‌ಗೆ ಬರುವುದು ಕಷ್ಟ.

ದಾವಣಗೆರೆಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ನೋಡಿದೆ, ಮೆಮೊರಿ ಶೇ. 95. ಒಂದು ಸ್ಲಾಟ್ ಖಾಲಿ ಇದೆ. ಸ್ಟಿಕ್ ಮೇಲೆ ಡಿಡಿಆರ್4, 3200 ಅಂತಿದೆ. ತರುವಾಗ ಇದನ್ನೇ ನೋಡಬೇಕು ಅಲ್ವಾ?

ಹುಬ್ಬಳ್ಳಿಯಿಂದ:
ಹೌದು. ಡಿಡಿಆರ್4 ಎಂಬುದು ಮೆಮೊರಿಯ ತಲೆಮಾರು, ಅದು ಹೊಂದಲೇಬೇಕು. 3200 ಅದರ ವೇಗ, ಅದೂ ಹೊಂದಿದರೆ ಒಳ್ಳೆಯದು. ಡಿಡಿಆರ್5 ತಂದರೆ ಆ ಸ್ಲಾಟ್‌ನಲ್ಲಿ ಕೂರುವುದೇ ಇಲ್ಲ. ಬಿಚ್ಚುವ ಮೊದಲು ಚಾರ್ಜರ್ ತೆಗೆದು, ಬ್ಯಾಟರಿ ಕನೆಕ್ಟರ್ ಕಳಚು.