ಸಹಾಯ ಬೇಕು: ಜಿಮ್‌ಗೆ ಹೋಗದೆ ಬೆನ್ನಿಗೆ ಏನು ವ್ಯಾಯಾಮ ಮಾಡಲಿ?

ಎಲ್ಲರಿಗೂ ನಮಸ್ಕಾರ. ವಯಸ್ಸು 43, ಊರು ದಾವಣಗೆರೆ, ದಿನವಿಡೀ ಕೂತು ಮಾಡೋ ಕೆಲಸ. ಶುಗರ್ ಬಾರ್ಡರ್‌ನಲ್ಲಿದೆ, ಬರೀ ವಾಕಿಂಗ್ ಸಾಲದು, ಸ್ನಾಯುಗಳಿಗೂ ಕೆಲಸ ಕೊಡಿ ಅಂದಿದ್ದಾರೆ ಡಾಕ್ಟರು. ವಾರಕ್ಕೆ ಕನಿಷ್ಠ 2 ದಿನ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತೆ. ಆದ್ರೆ ಮಗಳ ಪಿಯುಸಿ ಫೀಸಿನ ಜೊತೆ ಜಿಮ್ ಫೀಸು ಕಟ್ಟೋ ಸ್ಥಿತೀಲಿ ಇಲ್ಲ.

ಸದ್ಯಕ್ಕೆ ಅಡುಗೆಮನೆ ಕಟ್ಟೆಗೆ ಕೈಯೂರಿ ದಂಡ ಹೊಡೀತೀನಿ, ನೆಲದ ಮೇಲೆ ಇನ್ನೂ ಆಗಲ್ಲ. ಕುರ್ಚಿ ತಾಗಿಸಿ ಏಳೋ ಬಸ್ಕಿ ಹಗುರ ಅನ್ನಿಸ್ತಿದೆ, ಈಗ 10 ಕೆಜಿ ಅಕ್ಕಿ ಚೀಲ ಎದೆಗವಚಿಕೊಂಡು ಮಾಡ್ತೀನಿ. ಮೊಣಕಾಲು ಲಟಲಟ ಅನ್ನುತ್ತೆ, ನೋವಿಲ್ಲ. ಇದು ಪರವಾಗಿಲ್ವಾ?

ಸಿಕ್ಕಿಹಾಕಿಕೊಂಡಿರೋದು ಬೆನ್ನಿನ ವಿಷಯದಲ್ಲಿ. ತಳ್ಳೋ ವ್ಯಾಯಾಮ ಸುಲಭ, ಎಳೆಯೋಕೆ ಏನೂ ಸಿಗ್ತಿಲ್ಲ. ಬಾಡಿಗೆ ಮನೆ, ಹಳೇ ಬಾಗಿಲು, ಜೋತುಬಿದ್ದು ಮೈ ಎಳೆಯೋ ಬಾರ್ ಸಿಕ್ಕಿಸಿದ್ರೆ ಚೌಕಟ್ಟೇ ಕೈಗೆ ಬರುತ್ತೆ. ನೀರಿನ 20 ಲೀಟರ್ ಕ್ಯಾನ್ ಅರ್ಧ ತುಂಬಿಸಿ, ಬಗ್ಗಿ ಸೊಂಟದ ಕಡೆ ಎಳೆದು ನೋಡಿದೆ. ಒಳಗೆ ನೀರು ಹೊಯ್ದಾಡಿ ಮಣಿಕಟ್ಟು ತಿರುಚುತ್ತೆ. ಪೂರ್ತಿ ತುಂಬಿಸಿದ್ರೆ 20 ಕೆಜಿ, ನನ್ನ ಕೈಲಾಗಲ್ಲ. ಮರಳು ತುಂಬಿದ ಬ್ಯಾಗ್ ವಾಸಿನಾ?

ಸಾವಿರ ರೂಪಾಯಿ ಒಳಗೆ ಒಂದೇ ವಸ್ತು ತಗೋಬಹುದು ಅಂದ್ರೆ ರೆಸಿಸ್ಟೆನ್ಸ್ ಬ್ಯಾಂಡಾ (ಎಳೆದು ವ್ಯಾಯಾಮ ಮಾಡೋ ರಬ್ಬರ್ ಪಟ್ಟಿ), ಡಂಬಲ್ಲಾ? ಬ್ಯಾಂಡ್ ಕಿಟಕಿ ಸರಳಿಗೆ ಕಟ್ಟಿದ್ರೆ ಬೇಗ ಸವೆಯುತ್ತಾ?

ಗರಡೀಲಿ ಸಾಮು ಮಾಡಿದ ಹಿರಿಯರು ಗುಂಪಲ್ಲಿದ್ರೆ ದಯವಿಟ್ಟು ಹೇಳಿ. ಗದೆ ತಿರುಗಿಸು ಅಂತ ಮಾತ್ರ ಬೇಡ, ಮನೇಲಿ ಫ್ಯಾನ್ ಉಳಿಯಲ್ಲ. ಪ್ರೋಟೀನ್ ಪೌಡರ್ ಮಾರೋರು ಇನ್‌ಬಾಕ್ಸ್‌ಗೆ ಬರಬೇಡಿ, ಹೆಸರುಕಾಳು ಮೊಸರಲ್ಲೇ ನಡೆಸ್ತಿದ್ದೀನಿ.