ಹಳೆಯ ಗ್ರಂಥಾಲಯ ತಂತ್ರಾಂಶ ತೆರೆದರೆ ರಮ್ಮಿ ಜಾಹೀರಾತು: ವೈರಸ್ಸೋ, ಬೇರೇನಾದರೂ ಇದೆಯೋ?

ಪುಸ್ತಕದ_ಮೇಷ್ಟ್ರು:
ನಮ್ಮೂರ ವಾಚನಾಲಯದ ಸುಮಾರು 4,000 ಪುಸ್ತಕಗಳ ಪಟ್ಟಿ ವಿಂಡೋಸ್ 7 ಕಂಪ್ಯೂಟರಿನಲ್ಲಿ, ಒಂದು ಹಳೆಯ ಉಚಿತ ತಂತ್ರಾಂಶದಲ್ಲಿದೆ. ಬರೆದವರು ಅದನ್ನು ಕೈಬಿಟ್ಟು ಎಷ್ಟೋ ವರ್ಷಗಳಾದವು, ನಮಗೇನೂ ತೊಂದರೆಯಾಗಿರಲಿಲ್ಲ. ಹದಿನೈದು ದಿನಗಳಿಂದ, ತೆರೆದ ಕೂಡಲೇ ‘ಹೊಸ ಸುದ್ದಿ’ ಎಂದು ಕಾಣಿಸುತ್ತಿದ್ದ ಚೌಕದಲ್ಲಿ ರಮ್ಮಿ ಆಟದ ಜಾಹೀರಾತು ಬರುತ್ತಿದೆ. ಮೊನ್ನೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಪರದೆ ನೋಡಿ, “ಇಲ್ಲಿ ಇಸ್ಪೀಟೂ ಸಿಗುತ್ತದೆಯೇ ಸರ್?” ಎಂದಳು. ಎರಡು ಆಂಟಿವೈರಸ್ ಓಡಿಸಿದೆ, ಏನೂ ಸಿಗಲಿಲ್ಲ. ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದೆ, ಮತ್ತದೇ ಕಥೆ. ನೆಟ್ ತಂತಿ ಕಿತ್ತರೆ ಮಾತ್ರ ಚೌಕ ಖಾಲಿ ಇರುತ್ತದೆ.

ತಂತಿಜಾಲ:
ಕೊನೆಯ ಸಾಲಿನಲ್ಲೇ ಉತ್ತರವಿದೆ, ಮೇಷ್ಟ್ರೇ. ನಿಮ್ಮ ಕಂಪ್ಯೂಟರಿಗೆ ಏನೂ ಆಗಿಲ್ಲ. ಆ ಚೌಕ ತಂತ್ರಾಂಶದವರ ಜಾಲತಾಣದಿಂದ ಒಂದು ಪುಟವನ್ನು ತಂದು ತೋರಿಸುತ್ತದೆ. ಈಗ ಆ ಜಾಲತಾಣದ ಮಾಲೀಕ ಬೇರೆಯವನು.

ಡೊಮೇನ್, ಅಂದರೆ ಜಾಲತಾಣದ ಹೆಸರು, ಯಾರಿಗೂ ಸ್ವಂತವಲ್ಲ, ವರ್ಷದ ಬಾಡಿಗೆಯ ಮನೆ ಇದ್ದಂತೆ. ಡಾಟ್ ಕಾಮ್ ಆದರೆ ಅವಧಿ ಮುಗಿದ ಮೇಲೆ ನೋಂದಣಿದಾರ ಕಂಪನಿ ಹೆಚ್ಚೆಂದರೆ 45 ದಿನ ಕಾಯಬಹುದು. ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಅಳಿಸುವ ಮುಂಚೆ 5 ದಿನ. ಅಲ್ಲಿಂದ ಮುಂದೆ ಯಾರು ಬೇಕಾದರೂ ಕೊಳ್ಳಬಹುದು. ಕೊಳ್ಳುವವರಿಗೆ ತಂತ್ರಾಂಶದ ಮೇಲೇನೂ ಪ್ರೀತಿ ಇರುವುದಿಲ್ಲ, ಹಳೆಯ ಕೊಂಡಿಗಳಿಂದ ತಾನಾಗಿ ಬರುವ ಜನ ಬೇಕು. ಪಾಪ, ನಿಮ್ಮ ತಂತ್ರಾಂಶಕ್ಕೆ ಇದ್ಯಾವುದೂ ಗೊತ್ತಿಲ್ಲ. ಅದರೊಳಗೆ ಬರೆದಿಟ್ಟ ವಿಳಾಸಕ್ಕೆ ದಿನಾ ಹೋಗಿ ಬಾಗಿಲು ತಟ್ಟುತ್ತದೆ.

ಡೊಮೇನಿನ ಹೆಸರನ್ನು ಹೂಈಸ್‌ನಲ್ಲಿ, ಅಂದರೆ ಡೊಮೇನ್‌ಗಳ ನೋಂದಣಿ ವಿವರ ತೋರಿಸುವ ಸೇವೆಯಲ್ಲಿ, ಹುಡುಕಿ. ನೋಂದಣಿಯ ದಿನಾಂಕ ತಂತ್ರಾಂಶದ ವರ್ಷಕ್ಕಿಂತ ಈಚಿನದಾಗಿದ್ದರೆ ಕೈ ಬದಲಾಗಿದೆ ಎಂದೇ ಅರ್ಥ.

ಬಿಸಿಲೂರು_ಎಂಜಿನಿಯರ್:
ಒಂದು ತಿದ್ದುಪಡಿ. ಎಷ್ಟೋ ಡೊಮೇನ್‌ಗಳು ಅಳಿಸಿಹೋಗುವ ಮೊದಲೇ ಹರಾಜಿನಲ್ಲಿ ಮಾರಾಟವಾಗುತ್ತವೆ. ಆಗ ಹಳೆಯ ನೋಂದಣಿ ದಿನಾಂಕವೇ ಉಳಿದಿರುತ್ತದೆ. ದಿನಾಂಕ ಹಳೆಯದಿದೆ ಎಂದು ನಂಬಿ ಕೂರಬೇಡಿ. ಜಾಲಪುಟಗಳ ಹಳೆಯ ಪ್ರತಿಗಳನ್ನು ಕೂಡಿಡುವ ವೇಬ್ಯಾಕ್ ಮಷೀನ್‌ನಲ್ಲಿ ಆ ತಾಣದ ಪುಟ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು ಎಂದು ನೋಡಿದರೆ ನಿಜ ತಿಳಿಯುತ್ತದೆ.

ಪುಸ್ತಕದ_ಮೇಷ್ಟ್ರು:
ನೋಡಿದೆ. ಹೂಈಸ್‌ನಲ್ಲಿ ಹಳೆಯ ದಿನಾಂಕವೇ ಇದೆ! ವೇಬ್ಯಾಕ್‌ನಲ್ಲಿ ಮಾತ್ರ ಬಣ್ಣ ಬಯಲಾಯಿತು: ಮೊದಲು ತಂತ್ರಾಂಶದ ಪುಟ, ಆಮೇಲೆ ಬರೆದವರ ವಿದಾಯದ ಪತ್ರ, ಅದಾದ ಮೇಲೆ ‘ಈ ಡೊಮೇನ್ ಮಾರಾಟಕ್ಕಿದೆ’, ಈಗ ರಮ್ಮಿ. ಇನ್ನೊಂದು ಸಂಗತಿ: ಇವತ್ತು ‘ಹೊಸ ಆವೃತ್ತಿ ಲಭ್ಯ’ ಎಂಬ ಸಂದೇಶವೂ ಬಂತು. ಒತ್ತಲೇ?

ತಂತಿಜಾಲ:
ಖಂಡಿತ ಒತ್ತಬೇಡಿ! ಜಾಹೀರಾತು ಬರೀ ಮುಜುಗರ, ಅಪಾಯ ಇರುವುದು ಇದರಲ್ಲಿ. ಆ ಕಾಲದ ಸಣ್ಣ ತಂತ್ರಾಂಶಗಳು ಅನೇಕವು ಅಪ್‌ಡೇಟಿನ ಡಿಜಿಟಲ್ ಸಹಿಯನ್ನು, ಅಂದರೆ ಅದು ನಿಜವಾಗಿ ಬರೆದವರಿಂದಲೇ ಬಂದದ್ದೆಂಬ ಗುರುತನ್ನು, ಪರೀಕ್ಷಿಸುವುದೇ ಇಲ್ಲ. ಆ ವಿಳಾಸದಿಂದ ಬಂದದ್ದೆಲ್ಲ ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುತ್ತವೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಡಾಟ್ ಕಾಮ್‌ನಂತೆ ಡಾಟ್ ಮೋಬಿ ಎಂದು ಮುಗಿಯುವ ಹೆಸರುಗಳ ಹೂಈಸ್ ಸರ್ವರ್ ಹೊಸ ವಿಳಾಸಕ್ಕೆ ಹೋದ ಮೇಲೆ ಹಳೆಯ ಡೊಮೇನನ್ನು ಯಾರೂ ನವೀಕರಿಸಲಿಲ್ಲ. 2024ರಲ್ಲಿ ವಾಚ್‌ಟವರ್ ಎಂಬ ಭದ್ರತಾ ಸಂಸ್ಥೆಯವರು ಅದನ್ನು 20 ಡಾಲರಿಗೆ ಕೊಂಡು ಅಲ್ಲೊಂದು ಸರ್ವರ್ ಇಟ್ಟರು. ಕೆಲವೇ ದಿನಗಳಲ್ಲಿ 1,35,000ಕ್ಕೂ ಹೆಚ್ಚು ಯಂತ್ರಗಳು ಆ ಹಳೆಯ ವಿಳಾಸವನ್ನೇ ಹುಡುಕಿಕೊಂಡು ಬಂದವು. ಜಾಲತಾಣಗಳಿಗೆ ಭದ್ರತಾ ಪ್ರಮಾಣಪತ್ರ ಕೊಡುವ ಸಂಸ್ಥೆಗಳೂ ಅವುಗಳಲ್ಲಿದ್ದವು. ಕೊಂಡವರು ಸಜ್ಜನರಾಗಿದ್ದರು, ಬಚಾವು.

ನಿಮ್ಮ ಕೆಲಸ ಇಷ್ಟೇ. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ವಿಂಡೋಸ್ ಫೋಲ್ಡರಿನ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ. ಅಲ್ಲಿ ಹೋಸ್ಟ್ಸ್ ಎಂಬ ಕಡತವಿದೆ, ಯಾವ ಹೆಸರಿಗೆ ಯಾವ ವಿಳಾಸ ಎಂದು ಕಂಪ್ಯೂಟರ್ ಮೊದಲು ನೋಡುವುದು ಅದರಲ್ಲೇ. ಅದರ ಕೊನೆಯಲ್ಲಿ 0.0.0.0 (ಎಲ್ಲಿಗೂ ಹೋಗದ ವಿಳಾಸ) ಎಂದು ಬರೆದು, ಜಾಗ ಬಿಟ್ಟು, ಡೊಮೇನಿನ ಹೆಸರು ಬರೆಯಿರಿ. ಉಳಿಸಿ, ಕಂಪ್ಯೂಟರನ್ನು ಒಮ್ಮೆ ಮುಚ್ಚಿ ತೆರೆಯಿರಿ.

ಪುಸ್ತಕದ_ಮೇಷ್ಟ್ರು:
ಹೇಳಿದಂತೆಯೇ ಮಾಡಿದೆ. ರಮ್ಮಿ ಮಾತ್ರ ಕದಲಲಿಲ್ಲ.

ಬಿಸಿಲೂರು_ಎಂಜಿನಿಯರ್:
ಆ ಫೋಲ್ಡರಿನಲ್ಲಿ ಈಗ ಹೋಸ್ಟ್ಸ್ ಹೆಸರಿನ ಎರಡು ಕಡತಗಳಿವೆಯೇ? ನೋಟ್‌ಪ್ಯಾಡ್ ಬಾಲಕ್ಕೆ ಡಾಟ್ ಟಿಎಕ್ಸ್‌ಟಿ ಅಂಟಿಸಿರುತ್ತದೆ. ಆ ಬಾಲವಿರುವ ಕಡತವನ್ನು ಅಳಿಸಿ, ಮೂಲ ಕಡತವನ್ನೇ ತಿದ್ದಿ. ಮತ್ತೆ, ಹೋಸ್ಟ್ಸ್ ಕಡತಕ್ಕೆ ಅಂದಾಜು ತಿಳಿಯುವುದಿಲ್ಲ. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರಿಗೊಂದು ಸಾಲು, ಇಲ್ಲದ್ದಕ್ಕೊಂದು ಸಾಲು ಬೇಕು.

ಪುಸ್ತಕದ_ಮೇಷ್ಟ್ರು:
ಎರಡಿದ್ದವು! ಸರಿಪಡಿಸಿದೆ, ಚೌಕ ಈಗ ಬೆಳ್ಳಗೆ ಹೊಳೆಯುತ್ತಿದೆ.

ತಂತಿಜಾಲ:
ಸಂತೋಷ. ಆದರೆ ಇದು ಬಾಗಿಲಿಗೆ ಹಾಕಿದ ಚಿಲಕ ಮಾತ್ರ. ಹಳೆಯ ಡೊಮೇನಿನ ಇಮೇಲ್ ವಿಳಾಸಕ್ಕೆ ಏನೇ ಕಳುಹಿಸಿದರೂ ಅದು ಈಗ ಹೊಸ ಮಾಲೀಕನ ಕೈ ಸೇರಬಹುದು. ತಂತ್ರಾಂಶದಲ್ಲಿ ‘ದೋಷ ವರದಿ ಮಾಡಿ’ ಎಂಬ ಗುಂಡಿಯಿದ್ದರೆ ಅದನ್ನು ಮುಟ್ಟಬೇಡಿ, ಸದಸ್ಯರ ಫೋನ್ ನಂಬರುಗಳೂ ಅದರ ಜೊತೆ ಹೋದಾವು. ಬಿಡುವಾದಾಗ ಇಡೀ ಪಟ್ಟಿಯನ್ನು ಸಿಎಸ್‌ವಿ (ಯಾವ ತಂತ್ರಾಂಶದಲ್ಲಾದರೂ ತೆರೆಯಬಹುದಾದ ಸರಳ ಪಠ್ಯದ ಕಡತ) ಆಗಿ ಹೊರತೆಗೆದು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.

ಪುಸ್ತಕದ_ಮೇಷ್ಟ್ರು:
ತೆಗೆದೆ. ಇಂಗ್ಲಿಷ್ ಪುಸ್ತಕಗಳ ಹೆಸರು ಸರಿಯಾಗಿವೆ. ಕನ್ನಡದವೆಲ್ಲ ಚಿತ್ರವಿಚಿತ್ರ ರೋಮನ್ ಅಕ್ಷರಗಳಾಗಿ ಬಂದಿವೆ. ಆಗ ನಾವು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದೆವು, ಆ ಫಾಂಟು ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸುತ್ತಿತ್ತು. ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯುನಿಕೋಡಿಗೆ ತರುವ ಬಗ್ಗೆ ನಾಳೆ ಬೇರೆ ಚರ್ಚೆ ತೆರೆಯುತ್ತೇನೆ, ದಯವಿಟ್ಟು ಇಬ್ಬರೂ ಅಲ್ಲಿಗೆ ಬನ್ನಿ.